ಎರಡನೆಯ ಸಲದ ಉತ್ತರ

ಉಪನ್ಯಾಸಕರನ್ನು ದಿನವೂ ತರಗತಿಗೆ ಕರೆತರುವ ಉತ್ಸಾಹ ಯಾವುದು, ಎಷ್ಟು ಎಂದು ಅಳೆಯುವುದು ನನ್ನ ಸಂಶೋಧನೆಯ ವಿಷಯ. ಪ್ರತಿಯೊಬ್ಬರಿಗೂ ಅದೇ ಪ್ರಶ್ನೆಗಳನ್ನು ಕೆಲವು ವಾರ ಬಿಟ್ಟು ಮತ್ತೆ ಕೇಳುತ್ತೇನೆ. ಉತ್ತರ ಬದಲಾಗದಿದ್ದರೆ ಅಳತೆಯನ್ನು ನಂಬಬಹುದು. ಮಂಡ್ಯದ ಕ್ಯಾಂಪಸ್ಸಿನಲ್ಲಿ ಯಾರ ಉತ್ತರವೂ ಬದಲಾಗಲಿಲ್ಲ, ಭೌತವಿಜ್ಞಾನದ ಅತಿಥಿ ಉಪನ್ಯಾಸಕ ಹೇಮಂತರದನ್ನು ಬಿಟ್ಟು.

ಈ ವರ್ಷ ಮುಗಿದೊಡನೆ ಕೆಲಸ ಬಿಟ್ಟು ತಮ್ಮ ಊರು ಕಿರುಗಾವಲಿನಲ್ಲಿ ಟ್ಯೂಷನ್ ಶುರು ಮಾಡುತ್ತೇನೆ ಎಂದು ಮೊದಲ ಸಲ ಹೇಳಿದ್ದರು. ಈ ಸಲ, ಇಲ್ಲಿಗೆ ಬರದೆ ಇರಲಾರೆ ಎಂದರು.

ಎರಡನೆಯದು ಸುಳ್ಳಾಗಿದ್ದರೆ ಅವರು ಹೊರಟುಹೋಗುತ್ತಾರೆ. ಪ್ರಯೋಗಾಲಯದ ಬಾಗಿಲಲ್ಲಿ ನಿಂತಾಗ ನನ್ನ ಎದೆ ಹೊಡೆದುಕೊಳ್ಳುತ್ತಿದ್ದುದು ಸಂಶೋಧನೆಗಾಗಿ ಅಲ್ಲ.

"ಸುಳ್ಳು ಹೇಳಿದ್ದೀರಾ, ಸರ್?"

ಲೆನ್ಸ್ ಒರೆಸುತ್ತಿದ್ದ ಅವರು ತಲೆಯೆತ್ತಲಿಲ್ಲ. "ಯಾವ ಸಲ?"

"ಅದನ್ನೇ ಕೇಳ್ತಿರೋದು."

"ಎರಡು ಸಲನೂ ನಿಜಾನೇ ಹೇಳಿದ್ದು ಕಣ್ರೀ."

"ಹಾಗಾದ್ರೆ ನಡುವೆ ಏನಾಯ್ತು? ಖಾಯಂ ಮಾಡ್ತಾರಂತಾ?"

"ಅಷ್ಟೊಂದು ಆಸೆ ಇಟ್ಕೊಂಡಿಲ್ಲ."

ಪಕ್ಕದಲ್ಲಿ ವಿದ್ಯಾರ್ಥಿಗಳ ಲ್ಯಾಬ್ ರೆಕಾರ್ಡ್ ತಿದ್ದುತ್ತಿದ್ದ ಹಿರಿಯ ಉಪನ್ಯಾಸಕಿ ಪುಷ್ಪಾ ಮೇಡಂ ಪೆನ್ನು ಕೆಳಗಿಟ್ಟರು. "ಯೋಳ್ಬುಡಪ್ಪ ಹೇಮಂತ. ಈ ಹುಡುಗಿ ಬತ್ತಾಳೆ ಅಂದ್ರೆ ಇಸ್ತ್ರಿ ಅಂಗಿ ಆಕ್ಕಂಡ್ ಬತ್ತೀಯ. ನಾವೇನು ಕಣ್ಣು ಮುಚ್ಕಂಡಿದ್ದೀವಾ?" ಎಂದು ರೆಕಾರ್ಡುಗಳನ್ನು ಎತ್ತಿಕೊಂಡು ಹೊರನಡೆದರು.

ಹೇಮಂತರ ಕಿವಿಗಳು ಕೆಂಪಾದವು. ಒರೆಸಿದ ಲೆನ್ಸನ್ನೇ ಮತ್ತೆ ಒರೆಸಿ, ಕೊನೆಗೆ ನನ್ನತ್ತ ನೋಡಿದರು. ನೋಟ ನಿಲ್ಲಲಿಲ್ಲ, ಕಿಟಕಿಗೆ ಹೋಗಿ ಮತ್ತೆ ಬಂತು.

"ಈ ಕೆಲಸ ನಿಮಗೆ ಇಷ್ಟಾನಾ ಅಂತ ನೀವು ಕೇಳಿದ್ರಿ. ಅಲ್ಲೀಗಂಟ ಯಾರೂ ಕೇಳಿರ್ಲಿಲ್ಲ. ಆಮೇಲೆ ಪಾಠ ಚೆನ್ನಾಗಾದಾಗೆಲ್ಲ, ಇದನ್ನ ನಿಮಗೆ ಹೇಳ್ಬೇಕು ಅನ್ಸೋದು. ಅಷ್ಟೇ."

ನಾನು ಪ್ರಶ್ನಾವಳಿಯನ್ನು ಮಡಚಿದೆ. "ನಿಮ್ಮನ್ನ ಅಧ್ಯಯನದಿಂದ ಕೈಬಿಡಬೇಕಾಗುತ್ತೆ."

ಅವರ ಮುಖ ಕಳೆಗುಂದಿತು. "ತಪ್ಪಾಯ್ತು. ಇನ್ನೊಂದ್ಸಲ ಹಿಂಗೆ ಮಾತಾಡಲ್ಲ."

"ನೀವು ಹೇಳಿದ್ದಕ್ಕಲ್ಲ. ಪೂರ್ತಿ ಕೇಳಿ." ಮುಂದಿನ ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ, ಆದರೂ ಅದು ನಡುಗುತ್ತಲೇ ಹೊರಬಂತು. "ನಮಗೆ ಬೇಕಾದವರನ್ನ ನಾವೇ ಅಳೆಯೋ ಹಾಗಿಲ್ಲ. ಅದು ನಿಯಮ."

ಅರ್ಥವಾದಾಗ ಅವರು ಲೆನ್ಸನ್ನು ಮೆಲ್ಲನೆ ಮೇಜಿನ ಮೇಲಿಟ್ಟರು.

"ನನ್ನ ಬದಲು ಇನ್ನೊಬ್ಬರು ಬೇಕಲ್ವಾ?" ಎಂದರು, ಬಹಳ ಮೆಲ್ಲಗೆ.

"ಬೇಕು."

"ಕೆಮಿಸ್ಟ್ರಿಯಲ್ಲಿ ಪ್ರೀತಂ ಅಂತ ಅವ್ನೆ. ಮದ್ದೂರಿಂದ ಓಡಾಡ್ತಾನೆ. ಮದುವೆ ಆಗೈತೆ." ತುಸು ಯೋಚಿಸಿ ಸೇರಿಸಿದರು: "ಆದ್ರೂ ನೀವು ಕೇಳುವಾಗ ನಾನೂ ಪಕ್ಕದಲ್ಲಿ ಕೂತಿರ್ತೀನಿ."

"ಅದಕ್ಕೂ ನಿಯಮ ಒಪ್ಪಲ್ಲ," ಎಂದೆ. ನಗು ತಡೆಯಲಾಗಲಿಲ್ಲ. "ಹೊರಗೆ ಕಾಯ್ತಿರಿ. ಬರ್ತೀನಿ."