ನಾಲ್ಕು ಊರು ತಿರುಗಿದ ಆಯೇರಿ

1959ನೇ ಇಸವಿ ಡಿಸೆಂಬರ್ 14, ಸೋಮವಾರ. ಸಂಜೆ ಇಂಡಿ ಪೊಲೀಸ್ ಠಾಣೆಗೆ ಲಿಂಬೆ ವ್ಯಾಪಾರಿ ಸಿದ್ದರಾಯ ದುಮುಗುಡುತ್ತ ಬಂದ. ತನ್ನ ಮನೆಯ ಪಡಸಾಲೆಯಲ್ಲಿದ್ದ ಚಿತ್ರಪಟ ಹಾಡುಹಗಲೇ ಕಳುವಾಗಿದೆ ಎಂದು ಫಿರ್ಯಾದಿ ಕೊಟ್ಟ.

"ಎಂಥಾ ಚಿತ್ರ?" ಫೌಜದಾರ ಹೂಗಾರ ಕೇಳಿದರು.

"ಅದ ತಿಳೀವಲ್ದು ನೋಡ್ರಿ ಸಾಹೇಬ್ರ. ಈಗಿನ ಕಾಲದವರು ತಗೀತಾರಲ್ಲ, ಅಂಥಾದ್ದು. ನನಗ ಗುಡ್ಡ ಕಾಣತೈತಿ. ನಮ್ಮಾಕಿ ಎಮ್ಮಿ ಅಂತಾಳ."

"ಮತ್ತ ಅದು ಹೋದ್ರ ಇಷ್ಟ್ಯಾಕ ಕುದ್ಯಾಕತ್ತೀರಿ?"

"ಚಿತ್ರ ಸುಡುಗಾಡಿಗೆ ಹೋಗ್ಲಿರಿ! ನನ್ನ ಮನಿ ಹೊಕ್ಕಾರಲ್ಲ!"

ಯಾರ ಮೇಲೆ ಸಂಶಯ ಎಂದರೆ ಸಿದ್ದರಾಯ ತಡಮಾಡಲಿಲ್ಲ. ಮನೆಗೆಲಸದ ಸೈದಾಬಿ. ಮಧ್ಯಾಹ್ನ ಮನೆಮಂದಿಯೆಲ್ಲ ಲಿಂಬೆ ತೋಟದಲ್ಲಿದ್ದಾಗ ಅವಳೊಬ್ಬಳೇ ಮನೆಯಲ್ಲಿದ್ದಳು. ಕಲಂ 380ರ ಅಡಿ ಎಫ್.ಐ.ಆರ್. ದಾಖಲಾಯಿತು. ಬಡವರ ಹೆಸರು ಕಾಗದಕ್ಕೆ ಎಷ್ಟು ಸಲೀಸಾಗಿ ಇಳಿಯುತ್ತದೆ ನೋಡಿ!

ಹೂಗಾರರು ಲಾಠಿಗಿಂತ ಪ್ರಶ್ನೆಯನ್ನು ನಂಬಿದವರು. ಅದರಿಂದಲೇ ಅವರಿಗೆ ಬಡ್ತಿ ತಡವಾಗಿದೆ ಎಂದು ಠಾಣೆಯಲ್ಲಿ ಮಾತಿತ್ತು. ಜಮಾದಾರ ಬಂದಗಿಸಾಬನನ್ನು ಕರೆದುಕೊಂಡು ಅವರು ಸ್ಥಳ ಪಂಚನಾಮೆಗೆ ಹೊರಟರು.

ಪಡಸಾಲೆಯ ಗೋಡೆಯಲ್ಲಿ ತೇಗದ ಚೌಕಟ್ಟು ಮಾತ್ರ ತೂಗುತ್ತಿತ್ತು. ಹಿಂದಿನ ಮೊಳೆಗಳನ್ನು ಬಗ್ಗಿಸಿ ಚಿತ್ರವನ್ನಷ್ಟೇ ಬಿಡಿಸಿಕೊಂಡಿದ್ದರು. ಕೆಳಗಿನ ಗೂಡಿನಲ್ಲಿ ಎರಡು ಬೆಳ್ಳಿಯ ದೀಪದ ಸಮೆಗಳು ಇದ್ದಲ್ಲೇ ಇದ್ದವು. ಹೋದ ಚಿತ್ರದ ವರ್ಣನೆ ಬರೆಯುವಾಗ ಪಂಚರಿಬ್ಬರಿಗೂ ಜಗಳವೇ ಹತ್ತಿತು. ಒಬ್ಬ ಗುಡ್ಡ ಎಂದ, ಇನ್ನೊಬ್ಬ ಬಣವೆ ಎಂದ. ಕಡೆಗೆ 'ಕೆಂಪು ಬಣ್ಣದ ಗುಡ್ಡದಂಥ ಆಕೃತಿ, ಕೆಳಗೆ ನೀಲಿ' ಎಂದು ಬರೆದು ಕೈತೊಳೆದುಕೊಂಡರು.

ಸೈದಾಬಿ ಹಿತ್ತಲ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಗಂಡ ತೀರಿಹೋಗಿ ಬಹಳ ವರ್ಷಗಳಾಗಿದ್ದವು.

"ಮಧ್ಯಾಹ್ನ ಯಾರರ ಬಂದಿದ್ರೇನು?"

"ಒಬ್ಬರು ಹಿರ್ಯಾರು ಬಂದಿದ್ರಿ. ಸಾವಕಾರ್ರು ಅದಾರೇನು ಅಂದ್ರು. ಇಲ್ಲರಿ ಅಂದೆ. ಕಟ್ಟಿ ಮ್ಯಾಲ ಕುಂತು ನೀರು ಕೇಳಿದ್ರು, ಕೊಟ್ಟು ಬಾಂಡಿ ತಿಕ್ಕಾಕ ಹಿತ್ತಲಕ್ಕ ಹೋದೆ. ಬರೂದ್ರಾಗ ಅವರು ಇದ್ದಿದ್ದಿಲ್ಲ."

"ಗುರುತಿನವರೇನು?"

"ಅಲ್ಲರಿ. ಸಾಹೇಬ್ರ, ಶುಕ್ರವಾರ ನನ್ನ ಮಗಳು ಮೆಹರಾಜಳ ನಿಕಾ ಐತ್ರಿ. ನನ್ನ ಜೀವಾ ಬೇಕಾದ್ರ ತಗೋರಿ, ಕಳ್ಳಿ ಅನ್ನೂ ಹೆಸರ ಮಾತ್ರ ಇಡಬ್ಯಾಡ್ರಿ." ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಅವಳು ಹೆದರಿದಂತೆಯೇ ಆಯಿತು. ಊರ ಬಾಯಿಗೆ ಮುಚ್ಚಳವೆಲ್ಲಿ? ಮಂಗಳವಾರ ಬೆಳಿಗ್ಗೆಯೇ ಝಳಕಿಯಿಂದ ಗಂಡಿನ ತಂದೆ ಠಾಣೆಗೆ ಬಂದು ನಿಂತ. "ಹುಡುಗಿ ಮ್ಯಾಲ ನಮ್ದೇನೂ ಇಲ್ಲರಿ. ಖರೇ, ತಾಯಿ ಹೆಸರು ಹಸನ ಆಗೂ ತನಕ ನಾವು ದಿಬ್ಬಣ ತರೂದಿಲ್ಲ" ಎಂದು ಹೇಳಿ ಹೋದ.

"ಇನ್ನ ಮೂರ ದಿನ ಉಳದಾವು ಜಮಾದಾರ" ಎಂದರು ಹೂಗಾರ. "ಕಳ್ಳಾದ್ರ ಬೆಳ್ಳಿ ಬಿಟ್ಟು ಗುಡ್ಡ ಯಾಕ ಒಯ್ದಾನು? ಯಾರಿಗೋ ಆ ಚಿತ್ರಾನ ಬೇಕಾಗಿತ್ತು. ಅದು ಎಲ್ಲಿಂದ ಬಂತು, ಅದನ್ನ ಹಿಡಕೊಂಡು ಹೋಗೂಣು."

ಚಿತ್ರ ಬಂದದ್ದು ಮಗನ ಮದುವೆಯ ಆಯೇರಿಯಾಗಿ, ಅಂದರೆ ಉಡುಗೊರೆಯಾಗಿ ಎಂದು ಸಿದ್ದರಾಯ ಹೇಳಿದ್ದ. ಕೊಟ್ಟವನು ಮುದ್ದೇಬಿಹಾಳದ ಬೀರಣ್ಣ. ಇಬ್ಬರೂ ಅವನ ಮನೆಗೆ ಹೋದರು.

"ಅದನ್ನ ವಿಜಾಪುರದಾಗ ಖರೀದಿ ಮಾಡಿದ್ದೆರಿ" ಎಂದ ಬೀರಣ್ಣ.

"ಯಾವ ಅಂಗಡಿ?"

"ಅದು... ಆ ಅಂಗಡಿ ಈಗ ಇಲ್ಲರಿ."

ಒಳಗಿನಿಂದ ಅವನ ಹೆಂಡತಿ ಕಿಸಕ್ಕನೆ ನಕ್ಕಳು. "ಪೊಲೀಸರ ಮುಂದರ ಖರೇ ಹೇಳಬಾರದ? ಬಾಗೇವಾಡಿ ಬಾಬುಲಾಲಣ್ಣ ನಮ್ಮ ಲಗ್ನಕ್ಕ ಕೊಟ್ಟದ್ರಿ ಅದು. ಗ್ವಾಡಿಗೆ ಹಾಕಿದ್ರ ಕೂಸು ಅಂಜತಿತ್ತು. ಇವರು ಅದನ್ನ ಇಂಡಿಗೆ ದಾಟಿಸಿದ್ರು. ಹೋದ ತಿಂಗಳ ಒಬ್ಬರು ಮುದುಕರು ಹುಡುಕ್ಕೋತ ಬಂದಿದ್ರು. ಇವರು ಮಳ್ಯಾಗ ಹಾಳಾತು ಅಂದ್ರು. ಪಾಪ ಅನ್ನಿಸಿ ನಾನ ಹೇಳಿದೆ, ಇಂಡಿ ಸಿದ್ದರಾಯಣ್ಣನ ಮನ್ಯಾಗ ಐತಿ ಅಂತ."

ಬೀರಣ್ಣ ತಲೆ ತಗ್ಗಿಸಿದ. ನಮ್ಮ ಕಡೆ ಗಂಡಸು ಕಳುವನ್ನಾದರೂ ಒಪ್ಪಿಕೊಂಡಾನು, ಬಂದ ಆಯೇರಿಯನ್ನೇ ಇನ್ನೊಬ್ಬರ ಮನೆಗೆ ಸಾಗಿಸಿದ್ದನ್ನು ಮಾತ್ರ ಒಪ್ಪಲಾರ.

ಬಾಗೇವಾಡಿಯ ಬಟ್ಟೆ ವ್ಯಾಪಾರಿ ಬಾಬುಲಾಲನದೂ ಅದೇ ಹಾಡು. "ಆ ಚಿತ್ರ ಇಲಿ ಕಡದು ಹೋತ್ರಿ."

"ಇಲಿ ಕಡದದ್ದು ಮುದ್ದೇಬಿಹಾಳಕ್ಕ ಹೆಂಗ ಹೋತು? ಇಲೀನ ಹೊತಗೊಂಡು ಹೋತೇನು?"

ಬಂದಗಿಸಾಬ ಮೀಸೆಯಲ್ಲೇ ನಕ್ಕ. ಬಾಬುಲಾಲ ಬಿಳಿಚಿಕೊಂಡು ಕೈಮುಗಿದ. "ತಪ್ಪಾತ್ರಿ. ಸಿಂದಗಿ ಅಬ್ದುಲರಜಾಕ ಮಾಸ್ತರು ನಮ್ಮ ಮನಿ ಲಗ್ನಕ್ಕ ಕೊಟ್ಟಿದ್ರು. ಅವರ ಮುಂದ ಮಾತ್ರ ಹೇಳಬ್ಯಾಡ್ರಿ. ದೊಡ್ಡವರು, ನೊಂದಕೋತಾರ."

ಹೆಸರು ಕೇಳಿದ್ದೇ ಬಂದಗಿಸಾಬನ ನಗು ಇಳಿಯಿತು. ಹೊರಗೆ ಬಂದ ಮೇಲೆ, "ಸಾಹೇಬ್ರ, ಅವರು ನನಗ ಅಕ್ಷರ ಕಲಿಸಿದವರು. ಅವರು ಅಂಥಾ ಕೆಲಸ ಮಾಡೂದಿಲ್ಲರಿ" ಎಂದ.

"ಮಾಡದಿದ್ರ ನನಗೂ ಛಲೋನ" ಎಂದರು ಹೂಗಾರ.

ಬುಧವಾರ ಬೆಳಿಗ್ಗೆ ಸಿಂದಗಿ. ನಿವೃತ್ತ ಹೆಡ್‌ಮಾಸ್ತರ ಅಬ್ದುಲರಜಾಕ ಒಂಟಿಯಾಗಿದ್ದರು. ಅವರೇ ಚಹಾ ಕಾಸಿ ತಂದಿಟ್ಟರು. ಬಂದಗಿಸಾಬ ಕುಳಿತುಕೊಳ್ಳದೆ ಕೈಕಟ್ಟಿ ನಿಂತ.

"ನಿಮ್ಮ ಮನ್ಯಾಗ ಒಂದು ಗುಡ್ಡದ ಚಿತ್ರ ಇತ್ತಂತ?"

"ಗುಡ್ಡ ಅಲ್ಲ" ಎಂದರು ಮಾಸ್ತರರು.

"ಮೊನ್ನೆ ಸೋಮವಾರ ಇಂಡಿಗೆ ಹೋಗಿದ್ರೇನು?"

ಮಾಸ್ತರರು ಚಹಾದ ಕಪ್ಪನ್ನು ಅವರತ್ತ ಸರಿಸಿದರು. ಗದರಿಸಿ ಕೇಳಬಹುದಿತ್ತು. ಆದರೆ ಹೂಗಾರರು ಇದ್ದದ್ದನ್ನು ಇದ್ದಂತೆ ಹೇಳಿದರು. "ಮಾಸ್ತರ, ಕಳುವಿನ ಆಪಾದನಿ ಸೈದಾಬಿ ಅನ್ನೂ ಹೆಣಮಗಳ ಮ್ಯಾಲ ಬಂದೈತಿ. ಶುಕ್ರವಾರ ಆಕಿ ಮಗಳ ನಿಕಾ. ಬೀಗರು ಬರೂದಿಲ್ಲ ಅಂದಾರ."

ಮಾಸ್ತರರು ತಟ್ಟನೆ ತಲೆಯೆತ್ತಿದರು. "ಯಾರು? ನನಗ ನೀರು ಕೊಟ್ಟಾಕಿ?"

"ಹೌದ್ರಿ."

"ಯಾ ಅಲ್ಲಾ! ಆಕಿನ್ನ ಬಿಡ್ರಿ. ಬರಕೋರಿ, ನಾನ ತಂದೇನಿ." ಒಳಗೆ ಹೋಗಿ, ಶಾಲಿನಲ್ಲಿ ಸುತ್ತಿದ್ದ ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದರು. ಬಂದಗಿಸಾಬ ಗೋಡೆಯ ಕಡೆ ಮುಖ ತಿರುಗಿಸಿಕೊಂಡ.

ಬಿಡಿಸಿದಾಗ ಹೂಗಾರರಿಗೂ ಮೊದಲು ಕಂಡದ್ದು ಗುಡ್ಡವೇ. ಮಾಸ್ತರರು ಬೆರಳಿನಿಂದ ತೋರಿಸುತ್ತ ಹೋದರು. ಇದು ಹೆಗಲು, ಇದು ನಡು, ತಲೆಯ ಕೆಳಗೆ ಮಡಚಿದ ತೋಳು ಇದು. ನೀಲಿ ಇರುವುದು ಕೌದಿ. ಆಮೇಲೆ ಹೂಗಾರರಿಗೆ ಬೇರೆ ಏನೂ ಕಾಣಲಿಲ್ಲ. ಒಬ್ಬ ಹೆಂಗಸು ಗಾಢ ನಿದ್ದೆಯಲ್ಲಿದ್ದಳು.

"ನಮ್ಮಾಕಿ, ಶಮಶಾದಬಿ. ಜ್ವರದಿಂದ ಎದ್ದು ಒಂದಿನ ಮಧ್ಯಾಹ್ನ ಮಲಗಿದ್ಲು. ಮಗಳು ಅಬಿದಾ ಮುಂಬಯ್ಯಾಗ ಚಿತ್ರ ಕಲತಾಕಿ, ರಜಾಕ್ಕ ಬಂದಾಗ ತಗದ್ಲು. ನಾ ನೋಡಿ ಇದೇನ ಗುಡ್ಡ ಅಂತ ನಕ್ಕೆ. ಬಾಬುಲಾಲನ ಮನಿ ಲಗ್ನ ಬಂತು, ಎತ್ತಿ ಆಯೇರಿ ಮಾಡಿದೆ. ಹೋದ ವರ್ಷ ನಮ್ಮಾಕಿ ತೀರಿಕೊಂಡ್ಲು. ಒಂದು ಫೋಟೋ ಸೈತ ಇಲ್ಲರಿ. ಮಣ್ಣಿಗೆ ಬಂದ ಮಗಳು ಅಮ್ಮನ ಚಿತ್ರ ಎಲ್ಲಿ ಅಂದ್ಲು. ಅದು ಮನಿಗೆ ಬಂದ ದಿನ ನಾನೂ ಬರ್ತೇನಿ ಅಂತ ಹೋದಾಕಿ ಮತ್ತ ಬಂದಿಲ್ಲ. ಬಾಬುಲಾಲಗ ತಿಳೀದಂಗ ಅವನ ಅಂಗಡಿ ಹುಡುಗನ್ನ ಕೇಳಿ, ಮುದ್ದೇಬಿಹಾಳಕ್ಕ ಹುಡುಕ್ಕೋತ ಹೋದೆ."

"ಸಿದ್ದರಾಯನ್ನ ಕೇಳಬೇಕಿತ್ತಲ್ರಿ?"

"ಕೊಟ್ಟ ಆಯೇರಿ ಹೆಂಗ ತಿರುಗಿ ಕೇಳ್ಲಿ? ಕೇಳಿದ್ರ ಬಾಬುಲಾಲ, ಬೀರಣ್ಣ ಇಬ್ಬರ ಮಾನಾನೂ ಹೋಗತಿತ್ತು. ಆದ್ರೂ ಅವತ್ತ ಕೇಳಾಕಂತನ ಹೋಗಿದ್ದೆ. ಬಾಗಲದಾಗಿಂದ ಗ್ವಾಡಿ ಮ್ಯಾಲ ನಮ್ಮಾಕಿ ಕಂಡ್ಲು. ಬಾಯಿ ಬರಲಿಲ್ಲ, ಕೈ ಹೋತು."

ಜಪ್ತಿ ಪಂಚನಾಮೆ ಬರೆದು ಓದಿದರು. 'ಕೆಂಪು ಬಣ್ಣದ ಗುಡ್ಡದಂಥ...' ಎನ್ನುತ್ತಿದ್ದಂತೆ ಮಾಸ್ತರರು ಲೇಖನಿ ಕೆಳಗಿಟ್ಟರು. "ಕಳ್ಳ ಅಂತ ಬರೀರಿ, ಸಹಿ ಮಾಡ್ತೇನಿ. ಗುಡ್ಡ ಅಂತ ಬರದ್ರ ಮಾತ್ರ ಮಾಡೂದಿಲ್ಲ."

ಹೂಗಾರರು ಅದನ್ನು ಹೊಡೆದುಹಾಕಿ 'ಮಲಗಿದ ಹೆಂಗಸಿನ ಚಿತ್ರ' ಎಂದು ತಾವೇ ಬರೆದರು. ಮಾಸ್ತರರು ದುಂಡಗಿನ ಅಕ್ಷರದಲ್ಲಿ ಸಹಿ ಮಾಡಿದರು. ಅರೆಸ್ಟು ಅಲ್ಲೇ ಆಯಿತು. ಅಬಿದಾಳ ವಿಳಾಸ ಕೇಳಿ ಬರೆದುಕೊಂಡ ಬಂದಗಿಸಾಬ, ಯಾರಿಗೂ ಹೇಳದೆ 'ಅಮ್ಮನ ಚಿತ್ರ ಸಿಕ್ಕಿದೆ, ಇಂಡಿಗೆ ಬನ್ನಿ' ಎಂದು ಅವಳಿಗೆ ತಾರು ಕಳಿಸಿದ.

ಗುರುವಾರ ಇಂಡಿಯ ಮ್ಯಾಜಿಸ್ಟ್ರೇಟರ ಕೋರ್ಟಿನಲ್ಲಿ ಆರೋಪಿಯನ್ನು ಹಾಜರುಪಡಿಸಿದರು. ಜಾಮೀನಿಗೆ ಊರಲ್ಲಿ ಮನೆಯಿದ್ದವರು ಬೇಕು ಎಂದಾಗ, ಗುಂಪಿನ ಹಿಂದಿನಿಂದ ಸೈದಾಬಿ ಮುಂದೆ ಬಂದಳು.

"ಆರೋಪಿ ನಿನಗ ಏನಾಗಬೇಕು?" ಮ್ಯಾಜಿಸ್ಟ್ರೇಟರು ಕೇಳಿದರು.

"ಏನೂ ಆಗಬೇಕಿಲ್ಲರಿ. ನನ್ನ ಸಲುವಾಗಿ ತಾವಾಗೆ ಖರೇ ಹೇಳ್ಯಾರ. ಅಷ್ಟು ಸಾಕ್ರಿ ನನಗ." ತನ್ನ ಎರಡಂಕಣದ ಮನೆಯನ್ನು ಬರೆಸಿ ಹೆಬ್ಬೆಟ್ಟು ಒತ್ತಿದಳು. ಸಿದ್ದರಾಯನಿಗೆ ನಾಚಿಕೆಯಾಯಿತು. ಅಲ್ಲೇ ಅವಳ ಕ್ಷಮೆ ಕೇಳಿದ. ರಾಜಿ ಅರ್ಜಿಗೂ ತಯಾರಾದ. "ಇನ್ನೊಬ್ಬರ ತಾಯಿನ್ನ ನಮ್ಮ ಗ್ವಾಡಿಗೆ ಯಾಕ ಹಾಕ್ಕೊಳ್ಳಿರಿ? ಒಯ್ಯಲಿ" ಎಂದ. ಹೂಗಾರರು ಟೋಪಿ ತೆಗೆದು ಹಣೆ ಒರೆಸಿಕೊಂಡರು. ಆ ವಾರದಲ್ಲಿ ಅವರಿಗೆ ಸಮಾಧಾನವಾದದ್ದು ಆಗಲೇ.

ಶುಕ್ರವಾರ ಝಳಕಿಯ ದಿಬ್ಬಣ ಬಂತು. ಮೆಹರಾಜಳ ನಿಕಾ ಆಯಿತು. ಮಾಸ್ತರರು ಚಪ್ಪರದ ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ ಕುಳಿತಿದ್ದರು. ಊಟಕ್ಕೆ ಕರೆದರೆ ಏಳಲಿಲ್ಲ. ಅಷ್ಟರಲ್ಲಿ ಬಂದಗಿಸಾಬ ಸ್ಟೇಷನ್ನಿನಿಂದ ಒಬ್ಬ ಹೆಣ್ಣುಮಗಳನ್ನು ಕರೆದುಕೊಂಡು ಬಂದ. ಕೈಯಲ್ಲಿ ಟ್ರಂಕು, ಮುಖದ ತುಂಬ ರೈಲಿನ ಮಸಿ. ಅಬಿದಾ ತಂದೆಯ ಎದುರಿಗೆ ಬಂದು ನಿಂತಳು.

"ಅಬ್ಬಾ, ಊಟ ಆತೇನ್ರಿ?" ಎಂದಳು.

ಠಾಣೆಯಲ್ಲಿ, ಕೋರ್ಟಿನಲ್ಲಿ ಕಣ್ಣು ಒದ್ದೆಯಾಗದ ಮಾಸ್ತರರು ಈಗ ಸಣ್ಣ ಹುಡುಗರ ಹಾಗೆ ಅತ್ತುಬಿಟ್ಟರು. ಅಬಿದಾ ಟ್ರಂಕು ಕೆಳಗಿಟ್ಟು ಅವರ ಪಕ್ಕದಲ್ಲಿ ಕುಳಿತಳು. ಸೈದಾಬಿ ಎರಡು ತಾಟು ತಂದು ಅವರ ಮುಂದಿಟ್ಟು, ಬಡಿಸುವವರನ್ನು ಕೂಗಿದಳು.