ಗೀರು ಬಿದ್ದ ಹಾಡು

ನಾನೀಗ ಕಣ್ಣು ಪರೀಕ್ಷೆ ಮಾಡುವ ಈ ಪುಟ್ಟ ಕೋಣೆ ಮೊದಲು ರೆಕಾರ್ಡ್ ಅಂಗಡಿಯಾಗಿತ್ತು. ಪಕ್ಕದಲ್ಲಿದ್ದ ಪಬ್ಬು ಈಗ ಜಿಮ್; ಜನ ದುಡ್ಡು ಕೊಟ್ಟು ಭಾರ ಎತ್ತುತ್ತಾರೆ! ಹರೆಯದ ಸಂಜೆಗಳನ್ನೆಲ್ಲ ನಾವು ಗೆಳೆಯರು ಆ ಎರಡು ಬಾಗಿಲುಗಳ ನಡುವೆಯೇ ಕಳೆದವರು. ಅಂಗಡಿಯ ಮಾಲೀಕರನ್ನು ಸೂಜಿ ಮಾಮ ಎನ್ನುತ್ತಿದ್ದೆವು. ರೆಕಾರ್ಡಿನ ಮೇಲೆ ಸೂಜಿ ಇಡಲು ಅವರು ಯಾರನ್ನೂ ಬಿಡುತ್ತಿರಲಿಲ್ಲ. ಒಮ್ಮೆ ಅವರು ಚಹಾಕ್ಕೆ ಹೋದಾಗ ನಾನೇ ಇಟ್ಟೆ, ಕೈ ಜಾರಿತು. ಗೀರು ಬಿದ್ದ ರೆಕಾರ್ಡನ್ನು ಕವರಿಗೆ ತುರುಕಿ ಏನೂ ಅರಿಯದವನಂತೆ ನಿಂತೆ. "ಗೀಚಿದ್ದು ಯಾರ್ರೋ?" ಎಂದು ಮಾಮ ಸಾಯುವವರೆಗೂ ಕೇಳುತ್ತಿದ್ದರು.

ಕಳೆದ ತಿಂಗಳಿಂದ ನನ್ನ ಕುರ್ಚಿಯಲ್ಲಿ ಕೂತವರೆಲ್ಲ ಅಕ್ಷರ ಓದುತ್ತ ಕಾಲು ಕುಣಿಸತೊಡಗಿದರು. ಎಲ್ಲರದೂ ಒಂದೇ ತಾಳ; ತಾಳ ತಪ್ಪಿ ಎಡವುವುದೂ ಒಂದೇ ಜಾಗದಲ್ಲಿ. ಕುರ್ಚಿಯ ಕೈ ಹಳೇ ರೇಡಿಯೊದಂತೆ ಬೆಚ್ಚಗಿರುತ್ತಿತ್ತು.

ಮೊನ್ನೆ ಮಧ್ಯಾಹ್ನ ಒಬ್ಬ ಅಜ್ಜಿ ಬಂದರು. ಪರೀಕ್ಷೆಯ ಕನ್ನಡಕ ಕೂರುತ್ತಿಲ್ಲವೆಂದು ಕಿವಿಯ ಮೆಷಿನ್ ತೆಗೆದು ನನ್ನ ಮೇಜಿನ ಮೇಲಿಟ್ಟರು. ಎರಡನೇ ಸಾಲಿಗೆಲ್ಲ ಅವರ ಪಾದ ಕುಣಿಯಿತು.

"ಹಾಡೇನೋ ಚೆನ್ನಾಗಿದೆ ಮಗಾ, ಆದ್ರೆ ಒಂದೇ ಕಡೆ ಸಿಕ್ಕಾಕ್ಕೊಳ್ತಿದೆ ನೋಡು," ಎಂದರು.

ನನಗೆ ಯಾವ ಹಾಡೂ ಕೇಳುತ್ತಿರಲಿಲ್ಲ. ಖಾಲಿ ಮೂಲೆಗೆ ತಿರುಗಿ, "ಗೀಚಿದ್ದು ನಾನೇ ಮಾಮ, ತಪ್ಪಾಯ್ತು," ಎಂದು ಮೆಲ್ಲಗೆ ಹೇಳಿದೆ.

"ಹಾಂ, ಈಗ ಸರಿಹೋಯ್ತು," ಎಂದು ಅಜ್ಜಿ ನಕ್ಕರು. ಅವರ ಮೆಷಿನ್ ಇನ್ನೂ ನನ್ನ ಮೇಜಿನ ಮೇಲೇ ಇತ್ತು.

ಅಂದಿನಿಂದ ನನ್ನ ಕುರ್ಚಿಯಲ್ಲಿ ಯಾರ ಕಾಲೂ ಎಡವಿಲ್ಲ. ಕುಣಿಯುವುದು ಮಾತ್ರ ನಿಂತಿಲ್ಲ.