ಹುಲಿಗೆವ್ವ ಹೊಳೆಯಿಳಿದು ಹೋದದ್ದು

ಈಗಿನ ಮೀನುಗಳ ಮುತ್ತಜ್ಜಂದಿರೂ ಹುಟ್ಟದಿದ್ದ ಕಾಲದಲ್ಲಿ ಮೇಘಾವತಿ ಎಂಬ ರಾಜ್ಯವಿತ್ತು. ಆ ರಾಜ್ಯದ ಉದ್ದಕ್ಕೂ ಒಂದು ಹೊಳೆ. ಎಷ್ಟು ಉದ್ದವೆಂದರೆ, ಹುಟ್ಟುವಲ್ಲಿ ಮಳೆಗಾಲವಿದ್ದರೆ ಕಡಲು ಸೇರುವಲ್ಲಿ ಬೇಸಿಗೆ. ಹೊಳೆಯ ಕೊನೆಯಲ್ಲಿ ಜಾಲಂಗನೆಂಬ ಮಾಂತ್ರಿಕ ಕೂತಿದ್ದ. ನೀರಿನ ಮೇಲೆ ಯಾರು ತೂಕಡಿಸಿದರೂ ಅವರು ಅವನ ಪಾಲು. ಕಣ್ಣು ಮುಚ್ಚಿದವರು ಮೀನಾಗಿ, ಹರಿವಿನ ಜೊತೆ ಜಾರಿ, ಅವನ ಕೊಳಕ್ಕೆ ಹೋಗಿ ಬೀಳುತ್ತಿದ್ದರು.

ಅದಕ್ಕೇ ಅಂಬಿಗರಲ್ಲಿ ಒಂದು ಪದ್ಧತಿ ಬಂತು. ಹರಿಗೋಲಿನಲ್ಲಿ ಒಬ್ಬರು ಹುಟ್ಟು ಹಾಕುತ್ತಿದ್ದರೆ, ಬಲೆ ಬೀಸುವವರು ಮಾತಾಡುತ್ತಲೇ ಇರಬೇಕು. ಊರ ಸುದ್ದಿಯೋ, ಹಾಡೋ, ಚಾಡಿಯೋ, ಏನಾದರೂ ಸರಿ, ಬಾಯಿ ಮಾತ್ರ ನಿಲ್ಲಬಾರದು.

ಹುಲಿಗೆವ್ವನ ಬಾಯಿ ನಿಂತದ್ದು ಒಂದೇ ದಿನ. ಗಂಡ ಬರಮಪ್ಪ ಒಳ್ಳೊಳ್ಳೆಯ ಬಾಳೆಮೀನುಗಳನ್ನೆಲ್ಲ ಅವಳನ್ನು ಒಂದು ಮಾತೂ ಕೇಳದೆ ನೆಂಟರಿಗೆ ಹಂಚಿಬಿಟ್ಟಿದ್ದ. ಅವಳು ಮುಖ ಊದಿಸಿಕೊಂಡು ಹರಿಗೋಲು ಹತ್ತಿದಳು. ಎಳೆಬಿಸಿಲು, ನೀರಿನ ಗುಳುಗುಳು ಸದ್ದು. ಬಲೆ ಎಳೆದು ತಿರುಗಿ ನೋಡಿದರೆ ಹುಟ್ಟು ಮಾತ್ರ ಇತ್ತು, ಗಂಡ ಇರಲಿಲ್ಲ.

ದಡದಲ್ಲಿದ್ದ ಅತ್ತೆ ಕೂಗಿಕೊಂಡಳು: “ಹುಡುಕಾಕ ಹೋಗಬ್ಯಾಡವ್ವಾ! ಹೋದವರು ಯಾರೂ ತಿರುಗಿ ಬಂದಿಲ್ಲ.”

“ನಾ ಬಾಯಿ ಮುಚ್ಚಿದ್ದಕ್ಕ ಅಲ್ಲೇನತ್ತಿ ನಿಮ್ಮ ಮಗ ಹೋದದ್ದು? ಕರಕೊಂಡಽ ಬರ್ತೀನಿ,” ಎಂದು ಹುಲಿಗೆವ್ವ ಹುಟ್ಟು ಎತ್ತಿಕೊಂಡಳು.

ಮೊದಲು ಬಂದದ್ದು ಕರಿಬಂಡೆಗಳ ಕಣಿವೆ. ನೀರು ನೊರೆ ಕಾರುತ್ತ ಇಕ್ಕಟ್ಟಿನಲ್ಲಿ ನುಗ್ಗುತ್ತಿತ್ತು. ಬಂಡೆ ಎಂದುಕೊಂಡದ್ದೊಂದು ಕಣ್ಣು ಬಿಟ್ಟಿತು. ಅದು ಮಾಂತ್ರಿಕನ ಮೊಸಳೆ.

“ಬಾ ಮಗಳಽ, ನನ್ನ ಬೆನ್ನಮ್ಯಾಲ ಮಲಕ್ಕೊ. ದಾಟಸ್ತೀನಿ.”

“ಮಲಗಾಕ ಹೊತ್ತೆಲ್ಲಿ ಐತಿ ಮಾವಾ?” ಎಂದು ಹುಲಿಗೆವ್ವ ಮಾತು ಶುರುವಿಟ್ಟುಕೊಂಡಳು. ಅತ್ತೆಯ ಮೊಣಕಾಲು ನೋವು, ಮೇಕೆ ಬಲೆ ತಿಂದದ್ದು, ನಾದಿನಿಯ ಮದುವೆಯಲ್ಲಿ ಸಾರು ಸಾಲದೆ ಹೋದದ್ದು, ಒಂದನ್ನೂ ಬಿಡಲಿಲ್ಲ. ಮೊಸಳೆ ಮೊದಲು ಹೂಂಗುಟ್ಟಿತು, ಆಮೇಲೆ ಆಕಳಿಸಿತು, ಸಾರಿನ ಹೊತ್ತಿಗೆ ಗೊರಕೆ ಹೊಡೆಯಿತು. ಅವಳು ಅದರ ಬಾಲದ ಪಕ್ಕದಲ್ಲೇ ಹರಿಗೋಲು ಜಾರಿಸಿಕೊಂಡು ಹೋದಳು.

ಕಣಿವೆ ದಾಟಿದ ಮೇಲೆ ಹೊಳೆ ಕೆರೆಯಂತೆ ಹರಡಿಕೊಂಡಿತು. ಎತ್ತ ನೋಡಿದರೂ ಜೊಂಡು, ಜೊಂಡಿನ ಮೇಲೆ ಬಿಳಿ ಹಕ್ಕಿಗಳು. ಅವು ಜೋಗುಳ ಹಾಡುತ್ತಿದ್ದವು. ಮೀನುಗಳು ತಾವಾಗಿ ನೆಗೆದು ಹರಿಗೋಲಿಗೆ ಬೀಳುತ್ತಿದ್ದವು. ಬಲೆ ಬೀಸುವ ಕೆಲಸವಿಲ್ಲ, ಹುಟ್ಟು ಹಾಕುವ ಕೆಲಸವಿಲ್ಲ. ಹರಿಗೋಲು ಮೆಲ್ಲಗೆ ಸುತ್ತುತ್ತಿತ್ತು, ಮೋಡಗಳು ನೀರೊಳಗೆ ಮೇಯುತ್ತಿದ್ದವು. ಮೇಲಿನ ಮುಗಿಲು ಯಾವುದು, ಕೆಳಗಿನದು ಯಾವುದು ಎಂದು ತಿಳಿಯದಾಯಿತು. ನೀರಿಗೆ ಇಳಿಬಿಟ್ಟಿದ್ದ ಅವಳ ಪಾದದ ಮೇಲೆ ಮೀನಿನ ಹುರುಪೆಯೊಂದು ಮೂಡಿ ಮಿನುಗಿತು.

ಅದನ್ನು ಕಂಡು ಬೆಚ್ಚಿಬಿದ್ದಳು. ಹರಿಗೋಲಿಗೆ ಬಿದ್ದಿದ್ದ ಚೇಳುಮೀನಿನ ಮುಳ್ಳಿಗೆ ಹೆಬ್ಬೆರಳು ಒತ್ತಿದಳು. ಉರಿ ಮೊಳಕೈವರೆಗೆ ಏರಿತು. “ಅಯ್ಯಯ್ಯಪ್ಪೋ!” ಎಂದು ಅವಳು ಹಾಕಿದ ಕೂಗಿಗೆ ಹಕ್ಕಿಗಳೆಲ್ಲ ಹಾಡು ಮರೆತು ಹಾರಿಹೋದವು. ಹುರುಪೆಯೂ ಉದುರಿತು.

ಮೂರನೆಯದು ಮಂಜು. ಅದು ಮಂಜೂ ಹೌದು, ಎಮ್ಮೆಯೂ ಹೌದು. ಎರಡೂ ದಡಗಳನ್ನು ಮೇದುಬಿಟ್ಟಿತ್ತು. ಅದರ ಹೊಟ್ಟೆಯೊಳಗಿಂದ ಬರಮಪ್ಪನ ದನಿ ಬಂತು: “ಇತ್ತ ಬಾ ನನ್ನ ಬಂಗಾರ. ದಣದಿ, ಒಂದೀಟು ಮಲಕ್ಕೊ.”

ಹುಲಿಗೆವ್ವನ ಕಣ್ಣು ತುಂಬಿತು. ಆದರೆ ಬರಮಪ್ಪ ಅಷ್ಟು ನಯವಾಗಿ ಮಾತಾಡಿದವನೇ ಅಲ್ಲ. ಅವಳು ಗಾಳದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟಳು. ಕಲ್ಲು ತಳದಲ್ಲಿ ಕೂತಿತು, ಹರಿಗೋಲು ಹರಿವಿನ ಜೊತೆ ಜರುಗಿ ದಾರ ಬಿಗಿಯಾಯಿತು, ಹೊಳೆ ಯಾವ ಕಡೆ ಹರಿಯುತ್ತಿದೆ ಎಂದು ತಿಳಿಯಿತು. ದಾರ ಸಡಿಲ ಬಿಡುತ್ತ, ಅದಕ್ಕೆ ಬೆನ್ನು ಕೊಟ್ಟು ಹುಟ್ಟು ಹಾಕಿದಳು. ಎಮ್ಮೆ ಹರಿದು ಚೂರಾಯಿತು, ಎದುರಿಗೆ ಕಡಲು ಕಂಡಿತು.

ಮರಳದಿಬ್ಬದ ಮೇಲೆ ಜಾಲಂಗ ಕೂತಿದ್ದ. ಅವನ ಕಾಲ ಬಳಿಯ ಕೊಳದಲ್ಲಿ ಸಾವಿರಾರು ಬೆಳ್ಳಿಮೀನುಗಳು, ಎಲ್ಲವೂ ಒಂದೇ ಅಚ್ಚು.

“ಇಲ್ಲೀತನಕ ಬಂದಾಕಿ ನೀನೊಬ್ಬಾಕಿನಽ,” ಎಂದ. “ಒಂದಽ ಮೀನು ಹಿಡಿ. ನಿನ್ನ ಗಂಡ ಸಿಕ್ಕರ ಎಲ್ಲಾರೂ ಮನಶ್ಯಾರಾಗ್ತಾರ, ನನ್ನ ವಿದ್ಯಾ ಹಾಳಾಗತೈತಿ. ತಪ್ಪಿದರ ನೀನೂ ಈ ಕೊಳದಾಗಽ.”

ಹುಲಿಗೆವ್ವ ಮಂಡಿಯೂರಿ ಪ್ರೀತಿಯಿಂದ ಕರೆದಳು. ಎಲ್ಲ ಮೀನುಗಳೂ ಓಡಿಬಂದವು. ಮನುಷ್ಯರ ದನಿ ಕೇಳಿ ಅವಕ್ಕೆ ಎಷ್ಟು ಕಾಲವಾಗಿತ್ತೋ, ಪಾಪ! ಯಾವುದನ್ನು ಹಿಡಿಯುವುದು? ಅಳು ಬಂತು, ಅಳುವಿನ ಹಿಂದೆಯೇ ಸಿಟ್ಟೂ ಬಂತು.

“ಅಲ್ರೀ, ಅಷ್ಟೂ ಮೀನ ಹಂಚೋ ಮುಂದ ನನ್ನ ಒಂದ ಮಾತು ಕೇಳಿದ್ರ ನಿಮ್ಮ ಗಂಟೇನು ಹೋಗತಿತ್ತು? ಮನ್ಯಾಗ ನಾ ಒಬ್ಬಾಕಿ ಅದೀನಿ ಅನ್ನೂದು ಮರತ್ರೇನು?”

ಮೀನುಗಳೆಲ್ಲ ಬಾಯಿ ತೆರೆದು ನೋಡಿದವು. ನಡುವಿನದೊಂದು ಮಾತ್ರ ಮೆಲ್ಲಗೆ ಬೆನ್ನು ತಿರುಗಿಸಿ, ಏನೂ ಕೇಳಿಸದವರ ಹಾಗೆ ಮರಳು ನೋಡುತ್ತ ನಿಂತಿತು.

ಬೈಸಿಕೊಳ್ಳುವಾಗ ಹಾಗೆ ನಿಲ್ಲುವವನು ಅವಳಿಗೆ ಗೊತ್ತಿದ್ದಂತೆ ಒಬ್ಬನೇ. ಹುಲಿಗೆವ್ವ ಗಬಕ್ಕನೆ ಅದರ ಬಾಲ ಹಿಡಿದಳು. ಕೈಗೆ ಸಿಕ್ಕಿದ್ದು ಬರಮಪ್ಪನ ಪಾದ!

ಕೊಳದ ತುಂಬ ಜನ ಎದ್ದು ನಿಂತರು. ಜಾಲಂಗ ಸಣ್ಣ ಏಡಿಯಾಗಿ ಮರಳಿನ ತೂತಿಗೆ ಓಡಿದ. ಮಕ್ಕಳು ತಾಯಂದಿರಿಗೆ ಸಿಕ್ಕರು, ಅಣ್ಣಂದಿರು ತಂಗಿಯರಿಗೆ ಸಿಕ್ಕರು. ಆಮೇಲೆ ಆ ಹೊಳೆಯ ಮೇಲೆ ನಿದ್ದೆ ಬಂದವರು ನಿದ್ದೆ ಮಾಡಿದರು, ಎದ್ದು ಉಂಡರು, ಸುಖವಾಗಿ ಬಾಳಿದರು.

ಹರಿಗೋಲು ಊರ ಕಡೆ ತಿರುಗಿತು. ಬರಮಪ್ಪ ಅವಳ ಊದಿದ ಹೆಬ್ಬೆರಳನ್ನು ಬಹಳ ಹೊತ್ತು ನೋಡಿದ. “ತಪ್ಪಾತು,” ಎಂದ. ಆಮೇಲೆ ಹುಟ್ಟು ಹಾಕುತ್ತ ಕೇಳಿದ: “ಬೈಯೂದು ಮುಗೀತೇನು?”

“ಎಲ್ಲೀದು? ಊರು ಇನ್ನಾ ದೂರ ಐತಿ.”

“ಹಂಗಾರ ಸಾವಕಾಶ ಹೋಗೂಣು,” ಎಂದ ಬರಮಪ್ಪ.